ಆ ಹಳದಿ ಕ್ಯಾಪ್ಸೂಲ್ ಅಪ್ಪನಿಗೆ ಕೊಡಬೇಡಿ

ಉತ್ತರ: ನರರೋಗ ತಜ್ಞೆ, ದಾವಣಗೆರೆ

ಅಪ್ಪನಿಗೆ 68 ವರ್ಷ, ಒಂದು ವರ್ಷದಿಂದ ಮರೆವು. ಮೈಟೊಕಾಂಡ್ರಿಯ ಅನ್‌ಕಪ್ಲರ್ ಸ್ವಲ್ಪ ತಗೊಂಡರೆ ಮೆದುಳಿನ ಕೋಶ ಉಳಿಯುತ್ತವೆ ಅಂತ ಓದಿದೆ. ಜಿಮ್‌ನ ಸ್ನೇಹಿತ ತೂಕ ಇಳಿಸಲು ತರಿಸಿದ್ದ ಡಿಎನ್‌ಪಿ (ಡೈನೈಟ್ರೊಫಿನಾಲ್) ಕ್ಯಾಪ್ಸೂಲ್ ಕೊಟ್ಟಿದ್ದಾನೆ. ಕಾಲು ಭಾಗ ಕೊಡಬಹುದೇ?
– ಓದುಗ, ಹರಿಹರ

ಕೊಡಬೇಡಿ. ಈ ವರ್ಷ ಇದೇ ಪ್ರಶ್ನೆ ಮೂರನೇ ಸಲ ಬಂದಿದೆ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ನೀವು ಓದಿದ್ದು ಪೂರ್ತಿ ಸುಳ್ಳಲ್ಲ. ಭದ್ರಾ ಅಣೆಕಟ್ಟೆ ನೆನೆಸಿಕೊಳ್ಳಿ. ನೀರು ಟರ್ಬೈನ್ ತಿರುಗಿಸಿ ನಾಲೆಗೆ ಇಳಿದರೆ ಕರೆಂಟು. ಮೈಟೊಕಾಂಡ್ರಿಯ ಅಂದರೆ ಕೋಶದೊಳಗಿನ ಪುಟ್ಟ ಕರೆಂಟು ಮನೆ. ಅದರ ಒಳಪೊರೆಯಾಚೆ ಪ್ರೋಟಾನ್ ಹೀಗೇ ತುಂಬಿ, ಇಳಿಯುವಾಗ ಕೋಶದ ಇಂಧನವಾದ ಎಟಿಪಿ ಹುಟ್ಟಿಸುತ್ತವೆ. ಪೀಟರ್ ಮಿಚೆಲ್ 1961ರಲ್ಲಿ ಹೇಳಿದ ಈ ಮಾತಿಗೆ 1978ರಲ್ಲಿ ನೊಬೆಲ್ ಬಂತು. ಅನ್‌ಕಪ್ಲರ್ ಅಂದರೆ ಟರ್ಬೈನ್ ತಪ್ಪಿಸಿ ನೀರು ಬಿಡುವ ತೂಬು. ಡಿಎನ್‌ಪಿ ಅಂಥದ್ದೊಂದು. ಕಟ್ಟೆಯ ಒತ್ತಡ ಅತಿಯಾದಾಗ ಕೋಶ ಕೆಡಿಸುವ ಆಕ್ಸಿಜನ್ ರಾಡಿಕಲ್‌ಗಳು ಹೆಚ್ಚುತ್ತವೆ. ತೂಬನ್ನು ಕೂದಲೆಳೆಯಷ್ಟು ಎತ್ತಿದರೆ ಅವು ತಗ್ಗುತ್ತವೆ. ಲಕ್ವ, ತಲೆಪೆಟ್ಟು, ಹಂಟಿಂಗ್ಟನ್ ಎಂಬ ವಂಶಪಾರಂಪರ್ಯ ನರರೋಗದ ಇಲಿಗಳಲ್ಲಿ ಕಡಿಮೆ ಡೋಸಿನ ಡಿಎನ್‌ಪಿ ನರಕೋಶ ಕಾಪಾಡಿದ್ದು ನಿಜ. ದಿನಾ ಕೈನಡುಕ, ಮರೆವು ನೋಡುವ ನನಗೂ ಈ ಸಂಶೋಧನೆಯ ಮೇಲೆ ತುಂಬಾ ಆಸೆಯಿದೆ.

ಆದರೆ ಒಮ್ಮೆ ನುಂಗಿದ ಮೇಲೆ ಈ ತೂಬನ್ನು ಇಳಿಸುವವರಿಲ್ಲ. ಮೆದುಳಿನದಷ್ಟೇ ಅಲ್ಲ, ಇಡೀ ಮೈಯ ಕಟ್ಟೆ ಸೋರುತ್ತದೆ, ಸೋರಿದ್ದು ಶಾಖವಾಗುತ್ತದೆ. ಪ್ಯಾರಾಸಿಟಮಾಲ್‌ಗೆ ಬಗ್ಗುವ ಜ್ವರ ಅಲ್ಲ ಅದು. ಪ್ರತ್ಯೌಷಧವೂ ಇಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಮದ್ದುಗುಂಡು ಕಾರ್ಖಾನೆಯ ಕೂಲಿಗಳು ಡಿಎನ್‌ಪಿಯಿಂದಲೇ ಮೈ ಬೆಂದು ಸತ್ತರು. 1933ರಿಂದ ಅಮೆರಿಕದಲ್ಲಿ ಇದನ್ನೇ ಬೊಜ್ಜಿಗೆ ಕೊಟ್ಟರು. ಹರೆಯದವರ ಕಣ್ಣಿಗೆ ಪೊರೆ ಬಂತು, ಜೀವವೂ ಹೋಯಿತು. 1938ರಲ್ಲಿ ನಿಲ್ಲಿಸಿದರು.

ಹೋದ ಏಪ್ರಿಲ್ಲಿನಲ್ಲಿ ನಮ್ಮ ವಾರ್ಡಿಗೆ ಒಬ್ಬ ಹುಡುಗ ಬಂದ. ಅಂಗೈ ಹಳದಿ, ಬನಿಯನ್ ಕಂಕುಳಲ್ಲಿ ಅರಿಶಿಣ ಅದ್ದಿದಂತೆ. ಕಾಮಾಲೆ ಅಂತ ಅವರವ್ವ ಎರಡು ದಿನ ನಾಟಿ ಔಷಧಿ ಕುಡಿಸಿದ್ದರು. ಕಣ್ಣಿನ ಬಿಳಿ ಬೆಳ್ಳಗೇ ಇತ್ತು, ಜ್ವರ 105. ಅವನ ಮೈತುಂಬ ಐಸ್ ಇಟ್ಟು ರಾತ್ರಿಯಿಡೀ ಕಾದೆವು. ಉಳಿದ. ಅವನೂ ಡಿಎನ್‌ಪಿ ‘ಸ್ವಲ್ಪವೇ’ ತಗೊಂಡಿದ್ದ.

ಲೇಬಲ್ಲಿಲ್ಲದ ಪುಡಿಯಲ್ಲಿ ಕಾಲು ಭಾಗ ಅಂದರೆ ಎಷ್ಟು ಮಿಲಿಗ್ರಾಂ? ಕೊಟ್ಟ ಸ್ನೇಹಿತನಿಗೂ ಗೊತ್ತಿಲ್ಲ. ಇಲಿಗೆ ಡೋಸ್ ತೂಗಿ ಕೊಡುತ್ತಾರೆ. ನೀವು ಅಪ್ಪನಿಗೆ ಅಂದಾಜಿನಲ್ಲಿ ಕೊಡಲು ಹೊರಟಿದ್ದೀರಿ, ಅದೂ ನಮ್ಮೂರ ಬಿಸಿಲಲ್ಲಿ. ಈಗಾಗಲೇ ಕೊಟ್ಟಿದ್ದರೆ ಕ್ಯಾಪ್ಸೂಲ್ ಸಮೇತ ಈಗಲೇ ಎಮರ್ಜೆನ್ಸಿಗೆ ಹೋಗಿ.

ಅಪ್ಪನ ಬಿ12, ಥೈರಾಯ್ಡ್ ನೋಡಿಸಿದಿರಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಗುಣವಾಗುವ ಮರೆವು ಎಷ್ಟೋ ಸಲ ಅಲ್ಲೇ ಸಿಗುತ್ತದೆ. ನಿದ್ದೆ ಮಾತ್ರೆಯೂ ಸೇರಿ ಅವರು ನುಂಗುವ ಎಲ್ಲ ಮಾತ್ರೆಗಳನ್ನು ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಕರೆದೊಯ್ಯಿರಿ.

ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡಬೇಕೇ? – ಚಳ್ಳಕೆರೆ
ಬೇಡ. ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ.

ಲಕ್ವಕ್ಕೆ ಪಾರಿವಾಳದ ರಕ್ತ ತಿಕ್ಕಬಹುದೇ? – ಜಗಳೂರು
ಬೇಡ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ಗಂಟೆ. ಬಾಯಿ ಸೊಟ್ಟಗಾದ ಕೂಡಲೇ ಗಡಿಯಾರ ನೋಡಿಕೊಂಡು, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ.