ಸಾಯಲು ಅನುಮತಿ ಇಲ್ಲದ ಊರು ಇದೆಯೇ?

ಪ್ರಶ್ನೆ: ಮಗ ನಾರ್ವೆಯಲ್ಲಿ ಓದುತ್ತಿದ್ದಾನೆ. ಈ ಬೇಸಿಗೆಗೆ ನಮ್ಮನ್ನು ಸ್ವಾಲ್ಬಾರ್ಡ್ ದ್ವೀಪಗಳ ಲಾಂಗ್‌ಇಯರ್‌ಬೈನ್ ಊರಿಗೆ ಕರೆದುಕೊಂಡು ಹೋಗುತ್ತಾನಂತೆ. ಅಲ್ಲಿ ಸಾಯುವುದೇ ಕಾನೂನಿಗೆ ವಿರುದ್ಧ ಅಂತ ಒಂದು ವಿಡಿಯೊದಲ್ಲಿ ನೋಡಿದೆ. ನಿಜವೇ? ಮನೆಗಳೆಲ್ಲ ಕಂಬದ ಮೇಲೆ ನಿಂತಿವೆಯಲ್ಲ, ಯಾಕೆ? ಅಲ್ಲಿಗೆ ವೀಸಾ ಬೇಡ ಅನ್ನುತ್ತಾರೆ, ಹೌದಾ?
– ಓದುಗರೊಬ್ಬರು, ಧಾರವಾಡ

ಉತ್ತರ: ಅಂಥ ಕಾನೂನು ಇಲ್ಲ. ಅಲ್ಲೂ ಜನ ಸಾಯುತ್ತಾರೆ. ಇಲ್ಲದಿರುವುದು ಶವಪೆಟ್ಟಿಗೆ ಹೂಳುವ ಅವಕಾಶ ಮಾತ್ರ. ಅದಕ್ಕೂ ಮನೆಯ ಕಂಬಗಳಿಗೂ ಕಾರಣ ಒಂದೇ, ಅಲ್ಲಿನ ನೆಲ.

ಈ ಊರಿರುವುದು 78 ಡಿಗ್ರಿ ಉತ್ತರದಲ್ಲಿ, ಕಡಲಂಚಿನಲ್ಲಿ. ನೆಲ ತುಂಬಾ ಆಳದವರೆಗೆ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯಲ್ಲಿ ಮೇಲಿನ ಒಂದೆರಡು ಮೀಟರ್ ಮಣ್ಣು ಕರಗಿ ಕೆಸರಾಗುತ್ತದೆ, ಚಳಿಗೆ ಮತ್ತೆ ಗಟ್ಟಿಯಾಗುತ್ತದೆ. ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ ಅಲ್ವಾ? ಹಾಗೆ ಹಿಗ್ಗಿ ಹಿಗ್ಗಿ, ಮಣ್ಣೊಳಗಿನ ಕಲ್ಲು, ಕಂಬ, ಪೆಟ್ಟಿಗೆ ಎಲ್ಲವನ್ನೂ ವರ್ಷ ವರ್ಷ ಸ್ವಲ್ಪ ಸ್ವಲ್ಪ ಮೇಲಕ್ಕೆ ತಳ್ಳುತ್ತದೆ. 1918ರ ಫ್ಲೂ ಜ್ವರಕ್ಕೆ ಬಲಿಯಾದ ಏಳು ಯುವಕರ ಸಮಾಧಿಗಳು ಅಲ್ಲಿವೆ. ಗಣಿ ಕೆಲಸಕ್ಕೆ ಬಂದವರು. ವೈರಾಣು ಸಿಗಬಹುದೆಂದು ವಿಜ್ಞಾನಿಗಳು 1998ರಲ್ಲಿ ಅಗೆದಾಗ, ಪೆಟ್ಟಿಗೆಗಳು ಆಳದ ಗಟ್ಟಿ ನೆಲದಲ್ಲಿರಲಿಲ್ಲ. ಕರಗಿ ಗಟ್ಟಿಯಾಗುವ ಮೇಲಿನ ಪದರದಲ್ಲೇ ಇದ್ದವು. ಈಗ ಅನುಮತಿ ಪಡೆದು ಬೂದಿಯ ಕುಡಿಕೆ ಹೂಳಬಹುದು, ಅಷ್ಟೇ. ವಯಸ್ಸಾದವರ ಆರೈಕೆಗೆ ವ್ಯವಸ್ಥೆ ಇಲ್ಲದ್ದರಿಂದ ಅವರು ನಾರ್ವೆಯ ಮುಖ್ಯ ಭೂಭಾಗಕ್ಕೆ ಹೋಗುತ್ತಾರೆ. ಗರ್ಭಿಣಿಯರೂ ಹೆರಿಗೆಗೆ ಮುಂಚೆಯೇ ಹೊರಡುತ್ತಾರೆ.

ಮನೆಯನ್ನು ನೆಲಕ್ಕೆ ಅಂಟಿಸಿ ಕಟ್ಟಿದರೆ ಒಳಗಿನ ಬಿಸಿಗೆ ಕೆಳಗಿನ ಮಣ್ಣು ಕರಗಿ ಗೋಡೆ ವಾಲುತ್ತದೆ. ಅದಕ್ಕೇ ಕಂಬ. ಮನೆಯ ಅಡಿಯಲ್ಲಿ ತಣ್ಣನೆ ಗಾಳಿ ಆಡುತ್ತಿದ್ದರೆ ನೆಲ ಗಟ್ಟಿಯಾಗಿಯೇ ಇರುತ್ತದೆ. ಅಲ್ಲಿ ಓಡಾಡುವಾಗ ಬಗ್ಗಿ ನೋಡಿ. ನೀರು, ಚರಂಡಿ ಕೊಳವೆಗಳೂ ನೆಲದ ಮೇಲೇ ಹಾದುಹೋಗಿರುತ್ತವೆ. ಈಗ ಸ್ವಾಲ್ಬಾರ್ಡ್ ಬೇಗ ಬೇಗ ಬೆಚ್ಚಗಾಗುತ್ತಿದೆ. ಕರಗುವ ಪದರ ದಪ್ಪವಾಗುತ್ತಿದೆ, ಹಳೆ ಮರದ ಕಂಬಗಳು ಕೊಳೆಯುತ್ತಿವೆ. 2015ರ ಡಿಸೆಂಬರ್‌ನಲ್ಲಿ ಪಕ್ಕದ ಗುಡ್ಡದಿಂದ ಹಿಮ ಕುಸಿದು ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಇಬ್ಬರು ಸತ್ತರು. ಆಮೇಲೆ ಗುಡ್ಡದ ಬುಡದ ಇನ್ನೂ ಎಷ್ಟೋ ಮನೆಗಳನ್ನು ಕೆಡವಬೇಕಾಯಿತು. ‘ಸಾಯುವಂತಿಲ್ಲದ ಊರು’ ಅನ್ನುವ ವಿಡಿಯೊಗಳಲ್ಲಿ ಇದ್ಯಾವುದೂ ಬರುವುದಿಲ್ಲ. ನನಗೆ ಬೇಸರ ಅದೇ.

ಇನ್ನು ವೀಸಾ. ಈ ದ್ವೀಪಗಳು ನಾರ್ವೆಯವು, ಆದರೆ ಸಹಿ ಹಾಕಿದ ದೇಶಗಳ ಜನರಿಗೂ ಅಲ್ಲಿ ಸಮಾನ ಹಕ್ಕು ಎನ್ನುವ 1920ರ ಸ್ವಾಲ್ಬಾರ್ಡ್ ಒಪ್ಪಂದದಲ್ಲಿ ಭಾರತವೂ ಇದೆ. ಅಲ್ಲೇ ಇನ್ನೊಂದು ಊರು ನಿ-ಓಲೆಸುಂಡ್‌ನಲ್ಲಿ 2008ರಿಂದ ನಮ್ಮ ‘ಹಿಮಾದ್ರಿ’ ಸಂಶೋಧನಾ ಕೇಂದ್ರ ನಡೆಯುತ್ತಿದೆ. ದ್ವೀಪಕ್ಕೆ ವೀಸಾ ಬೇಡ, ನಿಜ. ಆದರೆ ವಿಮಾನ ಹೋಗುವುದು ನಾರ್ವೆಯ ಮುಖ್ಯ ಭೂಭಾಗದ ಮೂಲಕವೇ. ಅದು ಷೆಂಗೆನ್ ವಲಯದಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ. ಸ್ವಾಲ್ಬಾರ್ಡ್ ಮಾತ್ರ ಆ ವಲಯದ ಹೊರಗಿದೆ. ಹೋಗಿ ವಾಪಸ್ ಬಂದರೆ ಎರಡನೇ ಸಲ ಒಳಬಂದ ಲೆಕ್ಕ. ಹಾಗಾಗಿ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸಬಹುದಾದ ಷೆಂಗೆನ್ ವೀಸಾನೇ ಕೇಳಿ. ಹಿಮಕರಡಿಗಳ ಕಾರಣ, ಬಂದೂಕು ಇರುವ ಗೈಡ್ ಇಲ್ಲದೆ ಊರ ಗಡಿ ಮಾತ್ರ ದಾಟಬೇಡಿ.