ಮಳೆಗಾಲದ ಗಾಲ್ಫ್ ಗ್ರೀನಿಗೆ ಭಾರದ ಪಟರ್ ಬೇಕಾ?
ಸರ್, ಗ್ರೀನಿನಾಗ, ಅಂದ್ರ ಗುಳಿ ಸುತ್ತಿನ ಸಣ್ಣಗ ಕತ್ತರಿಸಿದ ಹುಲ್ಲಿನ ಜಾಗದಾಗ, ಬೆಳಗಾವಿ ಮಳೆಯಾಗ ಚೆಂಡು ಗುಳಿ ಮುಟ್ಟೂದಿಲ್ಲ, ಬೆಂಗಳೂರಿನಾಗ ದಾಟಿ ಹೋಗ್ತದ, 350 ಗ್ರಾಂ ತಲೆಯ ಪಟರ್ (ಚೆಂಡು ಗುಳಿಗೆ ಉರುಳಿಸೋ ಕೋಲು) ಬಿಟ್ಟು ಭಾರದ್ದು ತಗೋಬೇಕಾ ಅಂತ ಕೇಳೀರಿ. ಸದ್ಯ ಬ್ಯಾಡ್ರಿ. 34 ಇಂಚಿನ ಪಟರಿಗೆ ಅದು ಸರಿಯಾದ ತೂಕನ. ತಪ್ಪತಿರೋದು ಹೊಡೆಯೋ ಮುಂಚೆ ಪಟರ್ ಹಿಂದಕ್ಕ ಎಳೆಯೋ ಅಳತಿ.

ಸ್ಟಿಂಪ್‌ಮೀಟರಿನಿಂದ (ಚೆಂಡು ಉರುಳಿಸಿ ಬಿಡೋ ಇಳಿಜಾರು ಪಟ್ಟಿ) ಬಿಟ್ಟ ಚೆಂಡು ಎಷ್ಟು ಅಡಿ ಉರುಳ್ತದೋ ಅದನ ಗ್ರೀನಿನ ವೇಗ. ಸ್ಟಿಂಪ್ 7ರ ಗ್ರೀನಿನಾಗ 21 ಅಡಿ ಹೋಗೋ ಹೊಡೆತ 10ರ ಗ್ರೀನಿನಾಗ 30 ಅಡಿ ಹೋಗ್ತದ. ಒಂಬತ್ತು ಅಡಿ ಆಚೆ!

ಅದಕ್ಕ ಆಟಕ್ಕ ಮೊದ್ಲ ಸಪಾಟ ಜಾಗದಾಗ ಪಟರ್ ಬಲಗಾಲ ಹೆಬ್ಬೆರಳತನಕ ಎಳದು ಮೂರು ಚೆಂಡು ಹೊಡೀರಿ, ಎದುರು ದಿಕ್ಕಿನಿಂದ ಮತ್ತ ಮೂರು. ಹೆಜ್ಜಿಲೆ ಅಳೀರಿ, ಆ ಸರಾಸರಿನ ಅವತ್ತಿನ ಮಾಪ. ಒದ್ದೆ ಹುಲ್ಲಿನಾಗ ಎಳೆತ ಉದ್ದ ಮಾಡ್ರಿ, ಲಯ ಬದಲಿಸಬ್ಯಾಡ್ರಿ. ಮಣಿಕಟ್ಟಿನಿಂದ ಝಾಡಿಸಿದ್ರ ಪಟರಿನ ಮುಖ ತಿರುಗಿ ಚೆಂಡು ದಾರಿ ಬಿಡ್ತದ. ವೇಗದ ಗ್ರೀನಿನಾಗ ಇಳಿಜಾರು ಹೆಚ್ಚು ಎಳೀತದ, ಗುರಿ ಇನ್ನಷ್ಟು ಮ್ಯಾಲಿನ ಕಡೆ ಇಡ್ರಿ.

ಸಣ್ಣ ಹೊಡೆತಕ್ಕ ಕೈ ಅಲುಗತಿದ್ರ ಮಾತ್ರ ತಲೆಯ ತಳಕ್ಕ 5 ಗ್ರಾಂ ಸೀಸದ ಟೇಪು ಹಚ್ಚರಿ, ಎರಡೂ ತುದಿಗೆ ಸಮ. ಸ್ಪರ್ಧೆಯ ಸುತ್ತಿನ ನಡುವ ಟೇಪು ಹಚ್ಚೂದು, ಕೀಳೂದು ಬ್ಯಾಡ. ಹಂಗ ಬದಲಿಸಿದ ಪಟರಿನಿಂದ ಒಂದು ಹೊಡೆತ ಹೊಡೆದ್ರೂ ಗಾಲ್ಫ್ ನಿಯಮ 4.1ರ ಪ್ರಕಾರ ಅನರ್ಹ ಆಗ್ತೀರಿ.