ಹಿನ್ನೀರಿನಲ್ಲಿ ಡೈವಿಂಗ್ ಅಭ್ಯಾಸ ಸರಿಯೇ?

ಪ್ರಶ್ನೆ: ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್‌ನ ಮೊದಲ ಹಂತದ ಕೋರ್ಸ್ ಮುಗಿಸಿದ್ದೇನೆ. 30 ಮೀಟರ್ ಆಳಕ್ಕಿಳಿಯುವ ಆಸೆಯಿದೆ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಗೆಳೆಯರೊಂದಿಗೆ ಅಭ್ಯಾಸ ಮಾಡಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ದಯವಿಟ್ಟು ಆ ಯೋಚನೆಯನ್ನು ಬಿಟ್ಟುಬಿಡಿ. ಮೊದಲ ಹಂತದ ಪ್ರಮಾಣಪತ್ರ ಸಾಮಾನ್ಯವಾಗಿ 18 ಮೀಟರ್‌ವರೆಗೆ ಮಾತ್ರ. 30 ಮೀಟರಿಗೆ ಅಡ್ವಾನ್ಸ್ಡ್ ಕೋರ್ಸನ್ನು ಬೋಧಕರ ಜೊತೆಯಲ್ಲಿಯೇ ಮಾಡಬೇಕು. ಆ ಆಳದಲ್ಲಿ ಒತ್ತಡವು ಮೇಲ್ಮೈಗಿಂತ ನಾಲ್ಕು ಪಟ್ಟಾಗುವುದರಿಂದ ಸಿಲಿಂಡರಿನ ಗಾಳಿಯೂ ನಾಲ್ಕು ಪಟ್ಟು ಬೇಗ ಖರ್ಚಾಗುತ್ತದೆ. ಜೊತೆಗೆ ಆಳದಲ್ಲಿ ಉಸಿರಾಡುವ ಗಾಳಿಯ ನೈಟ್ರೋಜನ್ನಿನಿಂದ ಅಮಲಿನಂಥ ಮಂಪರು ಕವಿದರೆ, ಗಾಳಿಯ ಮಾಪಕದ ಮುಳ್ಳು ಕೆಂಪು ಗೆರೆಗೆ ಬಂದದ್ದು ಕಣ್ಣಿಗೆ ಕಂಡರೂ ಅದರ ಅರ್ಥ ತಲೆಗೆ ಹೋಗದಿರಬಹುದು. ಮೇಲೇರುವಾಗ ನಿಮಿಷಕ್ಕೆ 9 ಮೀಟರಿನ ವೇಗ ಮೀರದೆ, 5 ಮೀಟರಿನಲ್ಲಿ 3 ನಿಮಿಷ ನಿಲ್ಲುವುದು ರೂಢಿಯಾಗಬೇಕು.

ಹಿನ್ನೀರಿನಲ್ಲಿ ಮುಳುಗಿದ ಮರಗಳ ಬೊಡ್ಡೆಗಳಿವೆ. ಅಲ್ಲದೆ ಜಲಾಶಯವು ತುಂಬಿದಾಗ ಸಮುದ್ರಮಟ್ಟದಿಂದ ಸುಮಾರು 554 ಮೀಟರ್ ಎತ್ತರದಲ್ಲಿರುವುದರಿಂದ, ಅಲ್ಲಿ ಗಾಳಿಯ ಒತ್ತಡ ಕಡಿಮೆ; ಕಡಲಿನ ಡೈವ್‌ಗೆ ಹಾಕಿದ ಆಳ–ಸಮಯದ ಲೆಕ್ಕಾಚಾರ ಅಲ್ಲಿಗೆ ಹೊಂದುವುದಿಲ್ಲ.

ನಮ್ಮ ಮಲೆನಾಡಿನವರು ಮರೆಯುವ ಇನ್ನೊಂದು ಸಂಗತಿಯಿದೆ: ಆಳದ ಡೈವ್ ಮುಗಿಸಿ ಅಂದೇ ಗೇರುಸೊಪ್ಪ ಘಟ್ಟ ಹತ್ತಿದರೆ, ಗಾಳಿಯ ಒತ್ತಡ ಇಳಿದು ದೇಹದಲ್ಲಿ ಉಳಿದ ನೈಟ್ರೋಜನ್ ಗುಳ್ಳೆಗಟ್ಟುವ ಅಪಾಯ ಹೆಚ್ಚುತ್ತದೆ. ಆ ರಾತ್ರಿ ಮುರುಡೇಶ್ವರದಲ್ಲೇ ತಂಗಿ, ಮರುದಿನ ಬೋಧಕರನ್ನು ಕೇಳಿಯೇ ಊರಿಗೆ ಹೊರಡಿ.